ಏಕಾದಶಿಯ ಗೆರೆ

ಬಾಲಮಾಪಕ ಬಂದ ಮೊದಲ ವರ್ಷ ಜನ ಅದಕ್ಕೆ ಹೆದರಿದರು. ಎರಡನೆಯ ವರ್ಷ ಗೇಲಿ ಮಾಡಿದರು. ಮೂರನೆಯ ವರ್ಷದ ಹೊತ್ತಿಗೆ ಕನ್ಯೆ ನೋಡಲು ಬಂದವರು ಜಾತಕದ ಜೊತೆಗೆ "ಹುಡುಗೀದು ಬಾಲ ಎಷ್ಟದ?" ಎಂದು ಕೇಳುವುದು ವಾಡಿಕೆಯಾಯಿತು. ಹುಡುಗನ ಬಾಲ ಎಷ್ಟೆಂದು ಕೇಳಿದವರನ್ನು ನಾನು ಕಾಣೆ. ಗಂಡಿನವರಿಗೆ ಯಾವ ಕಾಲದಲ್ಲಿ ಬಾಲವಿತ್ತು!

ಆ ಯಂತ್ರ ಮಾಡಿದವರಲ್ಲಿ ನಾನೂ ಒಬ್ಬಳು. ಹೆಸರು ವಾಸಂತಿ ಕಾಖಂಡಕಿ. ಧಾರವಾಡದ ಹೊರಗೆ, ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡಿದ್ದ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಈ ಬರಹ ಒಂದು ತಪ್ಪಿನ ಬಗ್ಗೆ. ತಪ್ಪು ನನ್ನದು, ಆದ್ದರಿಂದ ಬರೆಯುವ ಕೆಲಸವೂ ನನ್ನದೇ.

ಯಂತ್ರದೊಳಗೆ ನಡೆಯುವುದರಲ್ಲಿ ಹೊಸದೇನಿಲ್ಲ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿದರೆ ಕೆಲವು ಸಾವಿರ ಜೀವಕೋಶಗಳು ಬರುತ್ತವೆ. ಅವನ್ನು ತೆಳುವಾದ ಜೆಲ್ಲಿಯಲ್ಲಿ ಕೂರಿಸಿ, ಸಾಬೂನಿನಂಥ ದ್ರಾವಣದಿಂದ ಅವುಗಳ ಪೊರೆ ಕರಗಿಸಿ, ವಿದ್ಯುತ್ ಹಾಯಿಸಬೇಕು. ಡಿಎನ್ಎ ಎಳೆ ಇಡಿಯಾಗಿದ್ದರೆ ಇದ್ದಲ್ಲೇ ಉಂಡೆಯಾಗಿ ಕೂರುತ್ತದೆ. ಅಲ್ಲಲ್ಲಿ ಮುರಿದಿದ್ದರೆ ತುಂಡುಗಳು ವಿದ್ಯುತ್ತಿನ ಸೆಳೆತಕ್ಕೆ ಜಾರಿ ಹಿಂದೆ ಬಾಲ ಬಿಡುತ್ತವೆ. ಸೂಕ್ಷ್ಮದರ್ಶಕದಲ್ಲಿ ಥೇಟ್ ಧೂಮಕೇತು. ಪ್ರಯೋಗಾಲಯಗಳಲ್ಲಿ ಇದನ್ನು ದಶಕಗಳಿಂದ ಮಾಡುತ್ತಿದ್ದರು, ಆದರೆ ಇಡೀ ದಿನ ಹಿಡಿಯುತ್ತಿತ್ತು. ನಾವು ಅದನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ಊಟದ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ ತುಂಬಿದೆವು. ಕೊನೆಗೆ ಒಂದು ಸಂಖ್ಯೆ ಬರುತ್ತಿತ್ತು. ನೂರು ಪಾಲು ಡಿಎನ್ಎಯಲ್ಲಿ ಎಷ್ಟು ಪಾಲು ಬಾಲಕ್ಕೆ ಹೋಯಿತು ಎಂಬುದೇ ಆ ಸಂಖ್ಯೆ.

ಯಂತ್ರ ಹುಟ್ಟಿದ್ದು ಬಿಳಿ ಪುಡಿಯ ಜಗಳದಿಂದ. ಟೈಟಾನಿಯಂ ಡೈಆಕ್ಸೈಡ್ ಎಂದು ಅದರ ಪೂರ್ಣ ಹೆಸರು. ಗೋಡೆಯ ಬಣ್ಣ, ಟೂತ್‌ಪೇಸ್ಟು, ಪೆಪ್ಪರಮಿಂಟು, ಗುಳಿಗೆಯ ಮೇಲಿನ ಲೇಪ, ಹೀಗೆ ಬೆಳ್ಳಗೆ ಕಾಣಬೇಕಾದ ಕಡೆಯಲ್ಲೆಲ್ಲ ಅದು ಇರುತ್ತಿತ್ತು. ನೀರಲ್ಲಿ ಕರಗದು, ಯಾವುದರ ತಂಟೆಗೂ ಹೋಗದು ಎಂದು ಬಹುಕಾಲ ಅದನ್ನು ಸಾಧುವೆಂದೇ ಬಗೆದಿದ್ದರು. ಆಮೇಲೆ ಅದರ ಅತಿ ಸಣ್ಣ ಕಣಗಳು ಜೀವಕೋಶದೊಳಗೆ ಹೊಕ್ಕು ಡಿಎನ್ಎ ಮುರಿಯಬಹುದೇ ಎಂಬ ಅನುಮಾನ ಹುಟ್ಟಿತು. ಕೆಲವು ಪ್ರಯೋಗಗಳು ಹೌದೆಂದವು, ಕೆಲವು ಇಲ್ಲವೆಂದವು. ಕೆಲವು ದೇಶಗಳು ತಿನಿಸಿನಲ್ಲಿ ಅದನ್ನು ನಿಷೇಧಿಸಿದವು, ಉಳಿದವು ಇರಲಿ ಬಿಡು ಎಂದವು. ನಮ್ಮ ಪೆಟ್ಟಿಗೆಯಿಂದ ಈ ವಾದ ಮುಗಿಯುತ್ತದೆ ಎಂದು ನಾವು ನಂಬಿದ್ದೆವು. ಬಡಾಯಿ ನಮಗೂ ಇತ್ತು.

ಸಂಖ್ಯೆ ಬಂದರೆ ಸಾಲದು, ಎಷ್ಟಿದ್ದರೆ ಸರಿ ಎಂದು ಹೇಳಲು ಒಂದು ಗೆರೆ ಬೇಕು. ಗೆರೆ ಎಳೆಯಲು ಮೂವತ್ತು ಶುದ್ಧ ಬಾಯಿಗಳು ಬೇಕು. ತಂಬಾಕು, ಗುಟ್ಕಾ, ಎಲೆ ಅಡಿಕೆ ಯಾವುದೂ ಇಲ್ಲದ ಮೂವತ್ತು ಬಾಯಿಗಳನ್ನು ನಮ್ಮ ಸೀಮೆಯಲ್ಲಿ ಹುಡುಕುವುದೆಂದರೆ ಸಣ್ಣ ಮಾತಲ್ಲ. ಎರಡು ವಾರ ಅಲೆದು ಏಳು ಮಂದಿ ಸಿಕ್ಕರು. ಆಗ ನನ್ನ ಸಹಾಯಕ ಪ್ರಲ್ಹಾದ ಉಪಾಯ ಹೇಳಿದ.

"ಮೇಡಂ, ನಾಡದು ಏಕಾದಶಿ ಅದ. ನಮ್ಮ ಮಠದ ಭಜನಾ ಮಂಡಳಿಯವರು ಸಂಜಿ ಮುಂದ ಕೂಡ್ತಾರ. ಅವತ್ತು ಅವರ ಬಾಯಾಗ ಒಂದು ಅಗಳೂ ಹೋಗಿರೂದಿಲ್ಲ. ಅಷ್ಟು ಸ್ವಚ್ಛ ಬಾಯಿ ನಿಮಗ ಹುಡುಕಿದ್ರೂ ಸಿಗೂದಿಲ್ಲ."

ಭಲೇ ಎಂದೆ. ಮೂವತ್ತೂ ಮಂದಿಯ ಮಾದರಿ ಅಲ್ಲಿ ಒಂದೇ ಸಂಜೆಯಲ್ಲಿ ಸಿಕ್ಕಿತು, ಮೊದಲಿನ ಏಳು ಮಂದಿಯನ್ನು ಕೈಬಿಟ್ಟೆವು. ಸಂಖ್ಯೆಗಳು ಐದರಿಂದ ಎಂಟರೊಳಗೆ, ಸಾಲಾಗಿ ಕೂತಂತೆ ಬಂದವು. ಎಂಟಕ್ಕೆ ಗೆರೆ ಎಳೆದೆವು. ವರದಿಯಲ್ಲಿ "ಆರೋಗ್ಯವಂತರು, ತಂಬಾಕು ಮತ್ತು ಅಡಿಕೆಯ ಅಭ್ಯಾಸವಿಲ್ಲ" ಎಂದು ಬರೆದೆ. ಉಪವಾಸವಿದ್ದರು ಎಂದು ಬರೆಯಲಿಲ್ಲ. ಮುಚ್ಚಿಡುವ ಉದ್ದೇಶವೇನೂ ಇರಲಿಲ್ಲ, ಅದು ಬರೆಯಬೇಕಾದ ಸಂಗತಿ ಎಂದೇ ಹೊಳೆಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಒಲೆ ಹಚ್ಚದ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಏಕಾದಶಿ ಪಂಚಾಂಗದ ವಿಷಯ, ಪ್ರಯೋಗದ ವಿಷಯವಲ್ಲ.

ಎರಡು ವರ್ಷದಲ್ಲಿ ಆ ಗೆರೆ ಕಾಯ್ದೆಯಾಯಿತು. ಬಿಳಿ ಪುಡಿ ಬಳಸುವ ಯಾವ ಕಾರ್ಖಾನೆಯಲ್ಲೂ ಬಾಲ ಎಂಟು ದಾಟಿದವರು ಕೆಲಸ ಮಾಡುವಂತಿಲ್ಲ. ಕಾಯ್ದೆ ಮನುಷ್ಯರನ್ನು ಪುಡಿಯಿಂದ ದೂರ ಕಳಿಸುತ್ತಿತ್ತು, ಪುಡಿಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅಂಗಡಿಗಳಲ್ಲಿ "ಬಿಳಿ ಸೇರಿಸಿಲ್ಲ" ಎಂಬ ಚೀಟಿಗಳು ಕಾಣಿಸಿಕೊಂಡವು. ಬಿಳಿ ಬಿಟ್ಟ ಪೆಪ್ಪರಮಿಂಟುಗಳು ಯಾರೋ ಚೀಪಿ ಇಟ್ಟಂತೆ ಕಾಣುತ್ತವೆಂದು ಮಕ್ಕಳು ಮುಟ್ಟಲಿಲ್ಲ. ಗುಳಿಗೆಗಳ ಕತೆ ಇನ್ನೂ ಮೋಜಿನದು. ಒಂದು ಕಂಪನಿ ಲೇಪದಿಂದ ಬಿಳಿ ತೆಗೆದಾಗ ನನ್ನ ತಾಯಿ ಇಂದಿರಾಬಾಯಿ ಪೊಟ್ಟಣವನ್ನು ನನ್ನ ಕೈಗೇ ವಾಪಸು ಕೊಟ್ಟಳು.

"ಈ ಇಟ್ಟಂಗಿ ಚೂರು ನಾ ನುಂಗೂದಿಲ್ಲ. ಬೆಳ್ಳನ್ನ ಗುಳಿಗಿ ತಂದ್ರ ತಾ, ಇಲ್ಲಾಂದ್ರ ಬಿಪಿ ಏರಿದ್ರ ಏರ್ಲಿ."

ಅವಳಂಥವರು ನಾಡಿನ ತುಂಬ ಇದ್ದರು. ಹಾಗಾಗಿ ಗುಳಿಗೆ ಬೆಳ್ಳಗೇ ಉಳಿಯಿತು, ಪುಡಿಯೂ ಉಳಿಯಿತು.

ನಮ್ಮ ಪ್ರಯೋಗಾಲಯದಿಂದ ಕೂಗಳತೆಯ ದೂರದಲ್ಲಿ ಒಂದು ಗುಳಿಗೆ ಕಾರ್ಖಾನೆಯಿತ್ತು. ಅದರ ಲೇಪನ ವಿಭಾಗದಲ್ಲಿ ನಲವತ್ತೊಂದು ಹೆಂಗಸರು. ಪರೀಕ್ಷೆ ಮಾಡಿದಾಗ ನಲವತ್ತೊಂದೂ ಜನರ ಬಾಲ ಎಂಟು ದಾಟಿತ್ತು, ಹನ್ನೆರಡು, ಹದಿನೈದು, ಹದಿನೇಳು, ಹೀಗೆ. ಎಲ್ಲರನ್ನೂ ಒಂದೇ ದಿನ ಮನೆಗೆ ಕಳಿಸಿದರು. ಅವರಲ್ಲಿ ಒಬ್ಬಳು ವಾರಕ್ಕೊಮ್ಮೆ ನಮ್ಮ ಗೇಟಿಗೆ ಬಂದು ನಿಲ್ಲುತ್ತಿದ್ದಳು. ಗೋದಾವರಿ ಮಹೇಂದ್ರಕರ, ಎಲ್ಲರ ಬಾಯಲ್ಲಿ ಗೋದಾಬಾಯಿ. ನಲವತ್ತನಾಲ್ಕರ ವಯಸ್ಸು, ಕೊರಳಲ್ಲಿ ತುಳಸಿ ಮಾಲೆ. ಸಿಂಪಿಗರ ಮನೆತನ, ಪಂಢರಪುರದ ವಿಠ್ಠಲನ ಒಕ್ಕಲು. ಗಂಡ ಬಟ್ಟೆ ಹೊಲಿಯುತ್ತಿದ್ದವನು, ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದೆ ಕೂತಿದ್ದ. ಮನೆ ನಡೆಯುತ್ತಿದ್ದುದು ಇವಳ ದುಡಿಮೆಯಿಂದ. ಅವಳ ಬಾಲ ಇಪ್ಪತ್ಮೂರು, ಎಲ್ಲರಿಗಿಂತ ಹೆಚ್ಚು.

"ಅಕ್ಕಾರ, ಇದನ್ನ ಇಳಸೂ ಔಷಧ ಏನರೆ ಐತೇನ್ರಿ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು.

"ಇಲ್ಲ ಗೋದಾಬಾಯಿ."

"ಆತ್ರಿ. ಮುಂದಿನ ವಾರ ಬರ್ತೀನ್ರಿ," ಎನ್ನುತ್ತಿದ್ದಳು, ಒಂದು ವಾರದಲ್ಲಿ ನಾನು ಔಷಧ ಮಾಡಿಟ್ಟಿರುತ್ತೇನೆ ಎಂಬಂತೆ. ಮೊದಮೊದಲು ಸಿಡುಕಾಗುತ್ತಿತ್ತು. ಆಮೇಲೆ ಅವಳು ಬರುವ ಬುಧವಾರ ನಾನು ಹಿಂದಿನ ಬಾಗಿಲಿನಿಂದ ಹೋಗತೊಡಗಿದೆ.

ಹೀಗೆ ನಾಲ್ಕು ತಿಂಗಳು ಕಳೆದವು. ಅಷ್ಟರಲ್ಲಿ ಬಾಲಮಾಪಕ ಬಿಪಿ ಯಂತ್ರದಂತೆ ಮನೆಮನೆಗೂ ಬಂದಿತ್ತು. ನಮ್ಮ ಮನೆಗೂ ಒಂದು ತಂದಿದ್ದೆ. ನನ್ನ ತಾಯಿಗೆ ಅದು ಹೊಸ ಆಟ. ದಿನಾ ಸಂಜೆ ಕೆನ್ನೆ ಉಜ್ಜಿಕೊಂಡು, ಬಂದ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಒಂದು ಸಂಜೆ ನಾನು ಮನೆಗೆ ಬಂದಾಗ ಕಾಯ್ದು ಕೂತಿದ್ದಳು.

"ನೋಡಿಲ್ಲೆ. ಇವತ್ತು ಏಳು. ನಿನ್ನೆ ಹದಿನಾಲ್ಕಿತ್ತು. ಏಕಾದಶಿ ಪುಣ್ಯ ಅಂದ್ರ ನೀ ನಗ್ತಿದ್ದಿ. ಈಗ ನಿನ್ನ ಯಂತ್ರನ ಹೇಳ್ಯದ."

ನಾನು ನಕ್ಕೆ. ನಗುತ್ತಲೇ ಕ್ಯಾಲೆಂಡರ್ ನೋಡಿದೆ. ಹದಿಮೂರು, ಹದಿನಾಲ್ಕು, ಹನ್ನೆರಡು, ಹದಿನಾಲ್ಕು, ಏಳು. ಹಿಂದಿನ ಹಾಳೆ ತಿರುವಿದೆ. ಹದಿನೈದು ದಿನದ ಹಿಂದೆಯೂ ಒಂದು ಏಳು ಇತ್ತು, ಅದಕ್ಕೂ ಹಿಂದೆ ಒಂದು ಆರು. ಮೂರೂ ಏಕಾದಶಿಗಳು.

"ಅವ್ವಾ, ಏಕಾದಶಿ ದಿನ ಹಲ್ಲು ಯಾತರಿಂದ ತಿಕ್ಕೋತಿ?"

"ಅವತ್ತು ಪೇಸ್ಟ್ ಬಾಯಿಗೆ ಹಾಕೋತಾರೇನು? ಬರೇ ನೀರಿಲೆ ಮುಕ್ಕಳಿಸೂದು. ಇಷ್ಟು ವಯಸ್ಸಾತು, ಇದನ್ನೂ ನಾನ ಹೇಳ್ಬೇಕೇನು ನಿನಗ?"

ಪೇಸ್ಟಿನಲ್ಲಿ ಬಿಳಿ ಪುಡಿ, ಗುಳಿಗೆಯಲ್ಲಿ ಬಿಳಿ ಪುಡಿ. ಪೊಟ್ಟಣದಲ್ಲಿ ಉಳಿದದ್ದನ್ನು ಎಣಿಸಿ ನೋಡಿದೆ, ಅವಳು ಏಕಾದಶಿಗೆ ಗುಳಿಗೆಯನ್ನೂ ತಪ್ಪಿಸುತ್ತಿದ್ದಳು, ನನಗೆ ಗೊತ್ತಾಗದಂತೆ. ಹೊಟ್ಟೆಗೆ ಊಟವೂ ಇಲ್ಲ. ಜೀವಕೋಶ ಸುಮ್ಮನೆ ಕೂರುವ ವಸ್ತುವಲ್ಲ, ಮುರಿದ ಎಳೆಯನ್ನು ಅದು ಗಂಟೆಗಳಲ್ಲೇ ಹೆಣೆದುಕೊಳ್ಳುತ್ತದೆ. ಒಂದು ದಿನ ಬಿಡುವು ಸಿಕ್ಕರೆ ಬಾಲ ಅಡಗುತ್ತದೆ. ನಮ್ಮ ಯಂತ್ರ ನಾಲ್ಕು ತಿಂಗಳ ಹಿಂದೆ ನಲವತ್ತೊಂದು ಹೆಂಗಸರ ಬಾಯಲ್ಲಿ ಅಳೆದದ್ದು ಅವತ್ತು ಬೆಳಗಿನ ಮುರಿತವನ್ನು. ಅದನ್ನು ಉಪವಾಸವಿದ್ದ ಭಜನಾ ಮಂಡಳಿಯ ಬಾಯಿಗೆ ಹೋಲಿಸಿ ನೋಡಿದ್ದೆವು. ಮುರಿತ ಕಾಣುವುದು ಬೇರೆ, ಅದು ಹೆಣೆದುಕೊಳ್ಳದೆ ಉಳಿಯುವುದು ಬೇರೆ, ಉಳಿದದ್ದರಿಂದ ರೋಗ ಬರುವುದು ಮತ್ತೂ ಬೇರೆ. ಇದನ್ನು ನಾನೇ ತರಗತಿಗಳಲ್ಲಿ ಪಾಠ ಮಾಡಿದ್ದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ನನಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮರುದಿನ ನಿರ್ದೇಶಕ ಡಾ. ಕಮಲಾಪುರರ ಮುಂದೆ ಕ್ಯಾಲೆಂಡರಿನ ಹಾಳೆಗಳನ್ನು ಇಟ್ಟೆ. ಅವರು ಬಹಳ ಹೊತ್ತು ನೋಡಿದರು. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ನಮೂನೆ ಬೇಕು ಅವರಿಗೆ.

"ಕಾಯ್ದೆ ಬದಲಿಸೂದು ನಮ್ಮ ಕೈಯಾಗಿಲ್ಲ. ಪರೀಕ್ಷೆಯ ಕ್ರಮ ಬದಲಿಸೂದು ಅದ," ಎಂದರು. "ಉಪವಾಸ ಇರಿಸಿ ಅಳೀರಿ. ಇಳದವರನ್ನ ಕೆಲಸಕ್ಕ ಕಳಸೂಣು. ಇಳೀದವರನ್ನ..." ಎಂದು ನಿಲ್ಲಿಸಿ, ಕನ್ನಡಕ ಒರೆಸಿಕೊಂಡರು. ಉಪವಾಸವಿದ್ದೂ ಬಾಲ ಇಳಿಯಲಿಲ್ಲ ಎಂದರೆ ಮುರಿತ ಹೆಣೆದುಕೊಳ್ಳುತ್ತಿಲ್ಲ ಎಂದರ್ಥ. ಅಂಥವರ ಹೆಸರು ಎಲ್ಲ ಕಾರ್ಖಾನೆಗಳ ಪಟ್ಟಿಗೆ ಹೋಗುತ್ತದೆ. ಪುಡಿ ಇರುವ ಯಾವ ಜಾಗದಲ್ಲೂ ಅವರಿಗೆ ಮತ್ತೆ ಕೆಲಸವಿಲ್ಲ.

ಹೊಸ ನಮೂನೆ ತಯಾರಾಯಿತು. ಹಿಂದಿನ ರಾತ್ರಿಯ ಊಟದಿಂದ ಮರುದಿನ ಸಂಜೆ ಐದರವರೆಗೆ ನೀರು ಬಿಟ್ಟು ಏನೂ ಬಾಯಿಗೆ ಹಾಕುವಂತಿಲ್ಲ, ಪೇಸ್ಟೂ ಇಲ್ಲ. ಕಳ್ಳರನ್ನು ಹಿಡಿಯಲು ಎಂಜಲಿಗೆ ಅದ್ದುವ ಕಾಗದದ ಪಟ್ಟಿಯೊಂದಿತ್ತು. ಬಾಯಲ್ಲಿ ಸಕ್ಕರೆಯ ಸುಳಿವಿದ್ದರೆ ನೀಲಿಯಾಗುತ್ತದೆ. "ಉಪವಾಸ: ಇದ್ದರು / ಇರಲಿಲ್ಲ" ಎಂಬ ಅಂಕಣ ಬಂತು. ಇರಲಿಲ್ಲ ಎಂದರೆ ಮಾದರಿ ರದ್ದು. ಅಂಥವರು ಆರು ತಿಂಗಳ ನಂತರದ ಮುಂದಿನ ಪರೀಕ್ಷೆಯವರೆಗೆ ಉಳಿದವರ ಜೊತೆ ಕೆಲಸಕ್ಕೆ ಹೋಗಬಹುದು. ಈ ಕೊನೆಯ ನಿಯಮವನ್ನು ಹಾಕಿಸಿದವಳು ನಾನು. ಮರೆತು ಚಹಾ ಕುಡಿದ ತಪ್ಪಿಗೆ ಯಾರೂ ಅನ್ನ ಕಳೆದುಕೊಳ್ಳಬಾರದು ಎಂದಿದ್ದೆ.

ದಿನ ಗೊತ್ತುಮಾಡುವಾಗ ಪ್ರಲ್ಹಾದ ಪಂಚಾಂಗ ನೋಡಿ ಏಕಾದಶಿಯನ್ನೇ ಇಟ್ಟ. ಉಪವಾಸವೆಂದ ಕೂಡಲೇ ಹೆಂಗಸರಲ್ಲಿ ಗುಲ್ಲೆದ್ದಿತು. ಹಮೀದಾ ಎಂಬ ಹುರುಪಿನ ಹುಡುಗಿ ಎದ್ದು ನಿಂತು, "ಅಕ್ಕಾರ, ನಮಗ ಒಂದು ತಿಂಗಳದ್ದು ರೂಢಿ ಐತ್ರಿ, ನೀರೂ ಇಲ್ಲದ್ದು. ಈ ಒಂದು ದಿನದ್ದು ಇವರಿಗೆ ಕೇಳ್ರಿ," ಎಂದು ಉಳಿದವರತ್ತ ಕೈ ಮಾಡಿದಳು. ಎಲ್ಲರೂ ನಕ್ಕರು. ಗೋದಾಬಾಯಿ ಮಾತ್ರ ಗಂಭೀರವಾಗಿ ನನ್ನ ಹತ್ತಿರ ಬಂದಳು.

"ಅಕ್ಕಾರ, ಸಾಬುದಾಣಿ ತಿಂದು ಏಕಾದಶಿ ಮಾಡೂ ಮಂದೀನೂ ಅದಾರ್ರಿ. ನಮ್ಮ ಮನಿತನದಾಗ ನೀರು, ತುಳಸಿ, ಎರಡ ನೋಡ್ರಿ. ಇಪ್ಪತ್ತೆರಡು ವರ್ಷಾತು, ಒಂದೂ ಬಿಟ್ಟಿಲ್ಲ. ನಂದು ಇಳದ ಇಳೀತೈತಿ."

ಇಳಿಯುತ್ತದೆ ಎಂದೇ ನಾನೂ ನಂಬಿದ್ದೆ. ಏಕಾದಶಿಯ ಸಂಜೆ ಐದಕ್ಕೆ ಎಲ್ಲರೂ ಬಂದರು. ಒಬ್ಬಳ ಪಟ್ಟಿ ನೀಲಿಯಾಯಿತು. "ಹಿಡಿ ಅವಲಕ್ಕಿ ಬೆಲ್ಲಾರಿ, ತಡಕೊಳ್ಳಾಕ ಆಗಲಿಲ್ಲ," ಎಂದು ಒಪ್ಪಿಕೊಂಡಳು. ಅವಳ ಮಾದರಿ ರದ್ದಾಯಿತು, ನಿಯಮದ ಪ್ರಕಾರ ಕೆಲಸ ಉಳಿಯಿತು. ಉಳಿದವರ ಸಂಖ್ಯೆಗಳು ಒಂದೊಂದೇ ಪರದೆಯ ಮೇಲೆ ಬಂದವು. ಆರು. ಏಳು. ಏಳು. ಎಂಟು. ಹಮೀದಾ ಐದು. ಹೊರಗಿನ ಹಜಾರದಲ್ಲಿ ಒಬ್ಬೊಬ್ಬರ ಹೆಸರು ಕೂಗಿದಾಗಲೂ ಚಪ್ಪಾಳೆ ಕೇಳುತ್ತಿತ್ತು.

ಗೋದಾಬಾಯಿಯದು ಇಪ್ಪತ್ತೆರಡು.

ಇನ್ನೊಮ್ಮೆ ಮಾಡಿದೆವು. ಇಪ್ಪತ್ತೆರಡೇ. ಕಾರ್ಖಾನೆಯಿಂದ ಬಂದ ಕಡತ ತೆಗೆದು ಅವಳು ಏನು ಕೆಲಸ ಮಾಡುತ್ತಿದ್ದಳು ಎಂದು ನೋಡಿದೆ. ಉಳಿದವರು ಗುಳಿಗೆ ಉರುಳುವ ಕಡಾಯಿಗಳ ಹತ್ತಿರ ಇರುತ್ತಿದ್ದರು, ಅಲ್ಲಿ ಪುಡಿ ಆಗಲೇ ನೀರಿನಲ್ಲಿ ಕಲೆತು ಲೇಪವಾಗಿರುತ್ತದೆ. ಇವಳದು ಹಿಂದಿನ ಸಣ್ಣ ಕೋಣೆ. ಒಣ ಪುಡಿಯ ಚೀಲ ಬಿಚ್ಚಿ ತೊಟ್ಟಿಗೆ ಸುರಿಯುವುದು, ಹನ್ನೊಂದು ವರ್ಷ. ಆ ಕೋಣೆಗೆ ಇವಳನ್ನೇ ಏಕೆ ಹಾಕಿದರೆಂದೂ ಬರೆದಿತ್ತು. ಅಡಿಕೆ, ತಂಬಾಕು ಬಾಯಿಗೆ ಹಾಕುವವಳಲ್ಲ, ಉಗುಳುವವಳಲ್ಲ, ಮಾಲು ಶುದ್ಧವಾಗಿರುತ್ತದೆ.

ಅವಳನ್ನು ಒಳಗೆ ಕರೆದು ಕೂರಿಸಿ ಸಂಖ್ಯೆ ಹೇಳಿದೆ. ಅದರ ಅರ್ಥವನ್ನೂ ಹೇಳಿದೆ. ಇದು ರೋಗವಲ್ಲ, ರೋಗ ಬಂದೇ ಬರುತ್ತದೆಂದೂ ಅಲ್ಲ, ಆದರೆ ಮೈ ತಾನಾಗಿ ಸರಿಪಡಿಸಿಕೊಳ್ಳಬೇಕಾದ್ದನ್ನು ಸರಿಪಡಿಸಿಕೊಳ್ಳುತ್ತಿಲ್ಲ ಎಂದೆ. ದೊಡ್ಡ ಆಸ್ಪತ್ರೆಗೆ ಚೀಟಿ ಕೊಡುತ್ತೇನೆ ಎಂದೆ.

"ಕೆಲಸರಿ?" ಎಂದಳು.

"ಇನ್ನ ಆಗೂದಿಲ್ಲ ಗೋದಾಬಾಯಿ. ಅಲ್ಲಿ ಅಂತಲ್ಲ, ಪುಡಿ ಇರೂ ಕಡೆ ಎಲ್ಲೂ ಆಗೂದಿಲ್ಲ."

ಅವಳು ಅಳಲಿಲ್ಲ. ಮೇಜಿನ ಮೇಲಿದ್ದ ನಮೂನೆಯನ್ನು ನೋಡಿದಳು. ಅಕ್ಷರ ಬಲ್ಲವಳು. ಅವಲಕ್ಕಿಯವಳ ಗತಿ ಏನಾಯಿತೆಂದು ಹೊರಗೆ ಕೇಳಿಸಿಕೊಂಡೂ ಇದ್ದಳು. ಎರಡೂ ಕೈ ಕುತ್ತಿಗೆಯ ಹಿಂದೆ ಒಯ್ದು, ತುಳಸಿ ಮಾಲೆಯನ್ನು ತಲೆಯ ಮೇಲಿಂದ ತೆಗೆದಳು. ಕಣ್ಣಿಗೊತ್ತಿಕೊಂಡು ಚೀಲದೊಳಗೆ ಇಟ್ಟಳು. ಚೀಲದ ಬಾಯಿ ಮುಚ್ಚಿದಳು.

"ಅಕ್ಕಾರ, ನಾ ಇವತ್ತು ಚಾ ಕುಡದೀನ್ರಿ. ಉಪವಾಸ ಇರಲಿಲ್ರಿ ನಾ. ಹಂಗ ಬರಕೋರಿ."

ಮಾಲೆ ಹಾಕಿಕೊಂಡವರು ಸುಳ್ಳಾಡುವಂತಿಲ್ಲ ಎಂಬುದು ಅವರಲ್ಲಿ ಕಟ್ಟುನಿಟ್ಟು. ಆಡಲೇಬೇಕಾಗಿ ಬಂದಾಗ ಅವಳು ಅದನ್ನು ತೆಗೆದಿಟ್ಟಿದ್ದಳು. ಅವಳ ತುಟಿ ಒಣಗಿ ಬಿರಿದಿತ್ತು. ಕಾಗದದ ಪಟ್ಟಿ ನನ್ನ ಮುಂದೆಯೇ ಇತ್ತು, ಹಾಲಿನಷ್ಟು ಬೆಳ್ಳಗೆ.

"ಪಟ್ಟಿ ನೀಲಿ ಆಗಿಲ್ಲ," ಎಂದೆ.

"ಸಕ್ಕರಿ ಇಲ್ಲದ ಚಾರಿ."

ನಮ್ಮ ಸೀಮೆಯಲ್ಲಿ ಸಕ್ಕರೆಯಿಲ್ಲದ ಚಹಾ ಕುಡಿಯುವವರು ಡಾಕ್ಟರರಿಂದ ಬೈಸಿಕೊಂಡವರು ಮಾತ್ರ. ಇಬ್ಬರಿಗೂ ಅದು ಗೊತ್ತಿತ್ತು. "ಇರಲಿಲ್ಲ" ಎಂಬುದರ ಕೆಳಗೆ ಒಂದು ಗೀಟು ಎಳೆದರೆ ಅವಳಿಗೆ ಆರು ತಿಂಗಳ ಅನ್ನ, ಆ ಕೋಣೆಯಲ್ಲಿ ಆರು ತಿಂಗಳ ಪುಡಿ. ಮುಂದಿನ ಪರೀಕ್ಷೆಗೆ ಮತ್ತೆ ಒಂದು ಚಹಾ. ಸುಳ್ಳು ಬರೆಯಲು ನನ್ನ ಕೈ ಹಿಂಜರಿಯಿತು ಎಂದರೆ ಅದೂ ಪೂರ್ತಿ ನಿಜವಲ್ಲ. ಗೆರೆ ಎಳೆದ ದಿನ ಮೂವತ್ತು ಜನರ ಉಪವಾಸವನ್ನು ಬರೆಯದೆ ಬಿಟ್ಟವಳು ನಾನೇ. ಈಗ ಒಬ್ಬಳದನ್ನು ಬಿಡು ಎಂದು ಇವಳು ಕೇಳುತ್ತಿದ್ದಾಳೆ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಮಾಲಿ ಹಾಕೊಂಡು ಹೇಳ್ರಿ," ಎಂದೆ. "ಬರೀತೀನಿ."

ಅವಳು ಚೀಲದ ಮೇಲೆ ಕೈಯಿಟ್ಟಳು. ತೆರೆಯಲಿಲ್ಲ. ಹೊರಗೆ ಇನ್ನೊಂದು ಚಪ್ಪಾಳೆ ಕೇಳಿಸಿತು.

"ಹಾಕೊಂಡ್ರ ಹೇಳಾಕ ಬರೂದಿಲ್ರಿ ಅಕ್ಕಾರ," ಎಂದಳು ಕೊನೆಗೆ.

ನಾನು "ಇದ್ದರು" ಎಂಬುದರ ಕೆಳಗೆ ಗೀಟು ಎಳೆದೆ. ಇಪ್ಪತ್ತೆರಡು ಎಂದು ಬರೆದೆ. ಅವಳು ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ನಾಳಿಂದ ಆ ಪುಡಿ ಯಾರು ಸುರವ್ತಾರ್ರಿ?"

"ಬ್ಯಾರೆ ಯಾರರೆ ಒಬ್ಬರನ್ನ ಹಾಕ್ತಾರ."

"ಹಮೀದಾನ್ನ ಹಾಕ್ತಾರ ಬಿಡ್ರಿ. ಅಕಿನೂ ಅಡಿಕಿ ಹಾಕೂದಿಲ್ಲ." ಎದ್ದು ಸೆರಗು ಸರಿಮಾಡಿಕೊಂಡಳು. "ಅಕಿಗೆ ಹೇಳ್ರಿ. ಚೀಲದ ಬಾಯಿ ಬಿಚ್ಚೂ ಮುಂದ ಉಸರ ಹಿಡಿ ಅಂತ. ಹತ್ತು ಎಣಸೂತನಕ ಬಿಡಬ್ಯಾಡ ಅಂತ. ಗೋಡಿ ಫ್ಯಾನಿಗೆ ಮಾರಿ ಮಾಡಿ ನಿಂದರಬ್ಯಾಡ, ಬೆನ್ನ ಮಾಡು. ಮೊದಲ ವರ್ಷ ನಂಗ ಯಾರೂ ಹೇಳಿರ್ಲಿಲ್ರಿ, ನಾನ ಕಲಿಯೂದ್ರಾಗ ಭಾಳ ತಡಾತು."

ಹಿಂದಿನ ಬಾಗಿಲು ಎಲ್ಲಿದೆ ಎಂದು ಕೇಳಿ, ಹಜಾರದ ಹೆಂಗಸರ ಕಣ್ಣಿಗೆ ಬೀಳದಂತೆ ಹೋದಳು.

ನಮೂನೆಯ ಕೊನೆಯಲ್ಲಿ ಷರಾ ಎಂಬ ಅಂಕಣವಿತ್ತು. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಅಲ್ಲಿ ಬರೆದೆ. ಆ ಅಂಕಣವನ್ನು ಯಂತ್ರ ಓದುವುದಿಲ್ಲ, ಕಮಲಾಪುರರೂ ಓದುವುದಿಲ್ಲ. ಅದಕ್ಕೇ ಹಾಳೆಯನ್ನು ಕೈಯಲ್ಲಿ ಹಿಡಿದು, ಇನ್ನೂ ಚಪ್ಪಾಳೆ ತಟ್ಟುತ್ತಿದ್ದ ಹಜಾರಕ್ಕೆ ಹೋಗಿ ಹಮೀದಾಳ ಹೆಸರು ಹಿಡಿದು ಕರೆದೆ.